ಅಜ್ಜಿಗೆ ಹಾಕಿಸಿದ ಹೊಸ ಡಿಸ್ಕು

ನಾನು ಆ ಮನೆಗೆ ಸೊಸೆಯಾಗಿ ಹೋದ ಮರುದಿನ ಬೆಳಿಗ್ಗೆ ಕೆಳಗಿನಿಂದ ಮಾವ ಕೂಗಿದ್ದು ಕೇಳಿಸಿತು: "ಅಜ್ಜಿ ಎದ್ದರಾ?"

ಮೇಲಿನಿಂದ ಒಂದು ಹೆಣ್ಣುದನಿ, "ಇನ್ನೂ ಇಲ್ಲ, ಈಗ ಕಣ್ಣು ಬಿಡ್ತಾ ಇದ್ದಾರೆ" ಅಂದಿತು.

ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ಅವರನ್ನು ಮಾತನಾಡಿಸುವುದೇ ತಪ್ಪಿಹೋಯಿತಲ್ಲ ಎಂದು ಗಾಬರಿಯಾಗಿ, ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದೆ. ಅಡುಗೆಮನೆ ದಾಟಿ ತಾರಸಿಗೆ ಹೋಗುವ ತಿರುವಿನಲ್ಲಿ ಒಂದು ಮೇಜು, ಒಂದು ಕುರ್ಚಿ. ಕುರ್ಚಿಯಲ್ಲಿ ನನ್ನ ಮಾವನ ತಮ್ಮನ ಹೆಂಡತಿ, ಅಂದರೆ ನಮ್ಮ ಚಿಕ್ಕತ್ತೆ, ಕೈಕಟ್ಟಿ ಕೂತಿದ್ದರು. ಮೇಜಿನ ಮೇಲೆ ಒಂದು ದಪ್ಪನೆಯ ಹಳೇ ಲ್ಯಾಪ್‌ಟಾಪು ತೆರೆದಿತ್ತು. ಪರದೆಯ ಮೇಲೆ ಒಂದು ಸಣ್ಣ ಚಕ್ರ ಸುತ್ತುತ್ತಾ ಇತ್ತು.

"ಅಜ್ಜಿ ಎಲ್ಲಿ?" ಅಂದೆ.

ಚಿಕ್ಕತ್ತೆ ಗದ್ದದಿಂದ ಲ್ಯಾಪ್‌ಟಾಪಿನತ್ತ ತೋರಿಸಿದರು. "ಇವರೇ. ಏಳೋಕೆ ಎಂಟು ನಿಮಿಷ ಬೇಕು. ಕೂತ್ಕೋ."

ಮನೆಯ ಕೆಳ ಅಂತಸ್ತಿನಲ್ಲಿ ಕಸೂತಿ ಕಾರ್ಖಾನೆ ಇತ್ತು. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಐದು ಯಂತ್ರ, ಒಂದೊಂದಕ್ಕೆ ಆರಾರು ಸೂಜಿತಲೆ. ಶಾಲಾ ಅಂಗಿಯ ಜೇಬಿನ ಲಾಂಛನ, ವೈದ್ಯರ ಬಿಳಿ ಕೋಟಿನ ಮೇಲೆ ಹೆಸರು, ಆಟಗಾರರ ಟೋಪಿ, ಹೋಟೆಲಿನ ಟವಲು, ಹೀಗೆ ಬಂದದ್ದೆಲ್ಲ ಹೊಲಿಯುತ್ತಿದ್ದರು. ಗಿರಾಕಿ ಒಂದು ಚಿತ್ರ ಕೊಡುತ್ತಾನೆ. ಚಿತ್ರ ಯಂತ್ರಕ್ಕೆ ಅರ್ಥವಾಗುವುದಿಲ್ಲ. ಯಾವ ಬಣ್ಣ ಮೊದಲು, ಯಾವುದು ಅದರ ಮೇಲೆ, ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ದಾರ ಕತ್ತರಿಸಬೇಕು ಎಂದು ಒಂದೊಂದು ಹೊಲಿಗೆಯನ್ನೂ ಹೇಳಿಕೊಡಬೇಕು. ಅದು ಚಿಕ್ಕತ್ತೆಯ ಕೆಲಸ. ಅವರು ಲ್ಯಾಪ್‌ಟಾಪಿನಲ್ಲಿ ನಕ್ಷೆ ಮಾಡಿ, ಪೆನ್‌ಡ್ರೈವಿಗೆ ಹಾಕಿ ಕೆಳಗೆ ಕಳಿಸಿದರೆ ಯಂತ್ರ ಶುರು. ಕಳಿಸದಿದ್ದರೆ ಹದಿಮೂರು ಜನ ಕೈಕಟ್ಟಿ ಕೂರಬೇಕು.

ಅವರು ಈ ಕೆಲಸಕ್ಕೆ ಬಂದದ್ದು ಹೇಗೆ ಅಂತ ಅವರೇ ಒಮ್ಮೆ ಹೇಳಿದರು. ಅವರು ಚಿತ್ರಕಲೆ ಓದಿದವರು. ಮದುವೆಯಾದ ಎರಡನೇ ವರ್ಷ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಕಾಗದವೂ ಬಂದಿತ್ತು. ಅದೇ ವಾರ ಕಾರ್ಖಾನೆಯ ನಕ್ಷೆಗಾರನಿಗೂ ಮಾವನಿಗೂ ಮಾತಿಗೆ ಮಾತು ಬೆಳೆದು, ಆತ ಪೆನ್‌ಡ್ರೈವನ್ನು ಮೇಜಿನ ಮೇಲೆ ಎಸೆದು ಹೊರಟುಹೋದ. ಮಾವ ಮೇಲೆ ಬಂದು, "ನಿನಗೆ ಚಿತ್ರ ಬರುತ್ತಲ್ಲಮ್ಮ, ಒಂದು ತಿಂಗಳು ನೋಡ್ಕೋ. ಅಷ್ಟರಲ್ಲಿ ಬೇರೆ ಯಾರನ್ನಾದರೂ ಹುಡುಕ್ತೀನಿ" ಅಂದರು. ಚಿಕ್ಕತ್ತೆ ಶಾಲೆಯವರಿಗೆ ಒಂದು ತಿಂಗಳು ಸಮಯ ಕೇಳಿ ಬರೆದರು. ಶಾಲೆಯವರು ಕಾಯಲಿಲ್ಲ. ಮಾವ ಹುಡುಕಲೂ ಇಲ್ಲ. ನಾನು ಹೋಗುವ ಹೊತ್ತಿಗೆ ಆ ಒಂದು ತಿಂಗಳಿಗೆ ಹನ್ನೊಂದು ವರ್ಷ ತುಂಬಿತ್ತು.

ಆ ಹನ್ನೊಂದು ವರ್ಷದಲ್ಲಿ ಅವರು ಮನೆ ಬಿಟ್ಟು ನಾಲ್ಕು ದಿನಕ್ಕಿಂತ ಹೆಚ್ಚು ಎಲ್ಲಿಯೂ ಇದ್ದದ್ದಿಲ್ಲ. ಅವರ ತಂಗಿ ರೈಲಿನಲ್ಲಿ ಒಂದೂವರೆ ದಿನದ ದೂರದ ಊರಿನಲ್ಲಿ ಮನೆ ಮಾಡಿ ಆರು ವರ್ಷವಾಗಿತ್ತು. ಆ ಮನೆಯ ಬಾಗಿಲು ಯಾವ ಬಣ್ಣ ಅನ್ನುವುದು ಚಿಕ್ಕತ್ತೆಗೆ ಫೋಟೋದಲ್ಲಿ ಮಾತ್ರ ಗೊತ್ತು.

"ಬೇರೆ ಲ್ಯಾಪ್‌ಟಾಪ್ ತಗೊಂಡ್ರೆ ಆಗಲ್ವಾ?" ಅಂತ ಹೊಸತರಲ್ಲಿ ನಾನು ಜಾಣೆಯ ಹಾಗೆ ಕೇಳಿದ್ದೆ. ಮನೆಗೆ ಬಂದ ಪ್ರತಿಯೊಬ್ಬರೂ ಕೇಳುವ ಪ್ರಶ್ನೆಯಂತೆ ಅದು. ಉತ್ತರ ಇಷ್ಟೇ. ನಕ್ಷೆ ಮಾಡುವ ಆ ತಂತ್ರಾಂಶದ ಪರವಾನಗಿಯನ್ನು ಈ ಒಂದು ಲ್ಯಾಪ್‌ಟಾಪಿಗೇ ಕಟ್ಟಿಕೊಟ್ಟಿದ್ದರು. ಮಾರಿದವನು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹೊಸ ತಂತ್ರಾಂಶ ಬರೆಯುವ ನಕ್ಷೆಯನ್ನು ನಮ್ಮ ಯಂತ್ರಗಳು ಜಪ್ಪಯ್ಯ ಅಂದರೂ ಓದುತ್ತಿರಲಿಲ್ಲ. ಲ್ಯಾಪ್‌ಟಾಪ್ ಬದಲಾಯಿಸಿದರೆ ತಂತ್ರಾಂಶ ಬದಲಾಗಬೇಕು, ತಂತ್ರಾಂಶ ಬದಲಾದರೆ ಐದೂ ಯಂತ್ರ ಬದಲಾಗಬೇಕು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಹೀಗೆ ಕಾರ್ಖಾನೆ ಅಜ್ಜಿಗೆ ಕಟ್ಟುಬಿದ್ದಿತ್ತು, ಅಜ್ಜಿ ಚಿಕ್ಕತ್ತೆಗೆ. ಅಜ್ಜಿಯ ಜೊತೆ ಏಗುವುದು ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ನನ್ನ ಗಂಡ ಒಮ್ಮೆ ಕಲಿಯಲು ಕೂತವನು ಮುಕ್ಕಾಲು ಗಂಟೆಯಲ್ಲಿ ಎದ್ದು, "ಇದರ ಮುಂದೆ ಕೂತ್ರೆ ನನಗೆ ಬೋಳುತಲೆ ಬರುತ್ತೆ" ಅಂದಿದ್ದನಂತೆ. ಒಂದು ದೊಡ್ಡ ನಕ್ಷೆ ಉಳಿಸಲು, ಅಂದರೆ ಸೇವ್ ಮಾಡಲು, ಹನ್ನೆರಡು ನಿಮಿಷ ಬೇಕಿತ್ತು, ಕೆಲವು ಸಲ ಹದಿನೈದು. ಆಗ ಒಳಗಿನಿಂದ ಉಗುರಿನಲ್ಲಿ ತಗಡು ಕೆರೆದ ಹಾಗೆ ಸದ್ದು ಬರುತ್ತಿತ್ತು. ಮಧ್ಯೆ ಬೇರೇನಾದರೂ ಒತ್ತಿದರೆ ಎಲ್ಲ ಹೋಯಿತು, ಮತ್ತೆ ಮೊದಲಿನಿಂದ.

ಆ ಹನ್ನೆರಡು ನಿಮಿಷ ಚಿಕ್ಕತ್ತೆ ಏನು ಮಾಡುತ್ತಾರೆ ಅಂತ ನನಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಒಂದು ದಿನ ಟೀ ಕೊಡಲು ಹೋದಾಗ ಅವರು ಕಿಟಕಿಯತ್ತ ತಿರುಗಿ ಪೆನ್ಸಿಲ್ ಹಿಡಿದು ಕೂತಿದ್ದರು. ಕಿಟಕಿಯಾಚೆ ನೋಟ ಅಂತ ಏನೂ ಇರಲಿಲ್ಲ. ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಪಕ್ಕದ ಮನೆಯ ಗೋಡೆ, ಅದರ ಮೇಲೆ ಇಳಿದ ನೀರಿನ ಕೊಳವೆ, ಕೊಳವೆಯ ಸುತ್ತ ತೇವದ ಕಲೆ. ಕಸೂತಿಯ ಹಿಂದೆ ಇಡುವ ಬಿರುಸಾದ ಬಿಳಿ ಕಾಗದದ ಚೂರುಗಳ ಮೇಲೆ ಅವರು ಆ ಕಲೆಯನ್ನು ಬರೆಯುತ್ತಿದ್ದರು. ಮೇಜಿನ ಖಾನೆ ಎಳೆದು ತೋರಿಸಿದರು. ಒಳಗೆ ನೂರಾರು ಚೂರು. ಗೋಡೆ, ಕೊಳವೆ, ಮಾವನ ಚಪ್ಪಲಿ, ಕೆಳಗೆ ದಾರದ ತುದಿ ಕತ್ತರಿಸುವ ಮುದುಕಿಯ ಕೈ. ಆ ಕೈ ಎಷ್ಟು ಚೆನ್ನಾಗಿತ್ತೆಂದರೆ ನಾನು ಟೀ ಲೋಟ ಹಿಡಿದೇ ನಿಂತುಬಿಟ್ಟೆ.

"ಅಜ್ಜಿ ಉಳಿಸ್ತಾ ಇದ್ದಾರೆ ಅಂದ್ರೆ ಯಾರೂ ಕರೆಯಲ್ಲ" ಅಂದರು ಚಿಕ್ಕತ್ತೆ. "ಅಡುಗೆಮನೆಯಿಂದ ನಿಮ್ಮತ್ತೆಯೂ ಕರೆಯಲ್ಲ. ಈ ಮನೆಯಲ್ಲಿ ನಂದು ಅಂತ ಇರೋದು ಈ ಹನ್ನೆರಡು ನಿಮಿಷ."

ನಾನು ನಕ್ಕೆ. ಅವರು ನಗಲಿಲ್ಲ.

ನನ್ನ ಮದುವೆಯಾಗಿ ಐದನೇ ತಿಂಗಳಿನಲ್ಲಿ ಒಂದು ಸೋಮವಾರ ಅಜ್ಜಿ ಏಳಲಿಲ್ಲ. ಚಕ್ರದ ಬದಲು ನೀಲಿ ಪರದೆ ಬಂತು. ಕೆಳಗೆ ಒಂದು ಆಸ್ಪತ್ರೆಯ ನಾನೂರು ಕೋಟು ಮಡಿಸಿಟ್ಟಿತ್ತು. ಚಿಕ್ಕತ್ತೆ ಆರಿಸಿ ಹೊತ್ತಿಸಿದರು, ಮತ್ತೆ ನೀಲಿ. ಮಾವ ಮೆಟ್ಟಿಲ ಬಳಿ ನಿಂತು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಮೂರನೇ ಸಲಕ್ಕೆ, ಸುಮಾರು ಇಪ್ಪತ್ತು ನಿಮಿಷ ಕೆರೆದಾಡಿ, ಅಜ್ಜಿ ಕಣ್ಣುಬಿಟ್ಟರು.

"ಇದನ್ನ ರಿಪೇರಿಗೆ ತೋರಿಸಬೇಕು" ಅಂದರು ಚಿಕ್ಕತ್ತೆ.

"ಯಾರೂ ಕೈ ಹಾಕೋದು ಬೇಡ" ಅಂದರು ಮಾವ. "ಬಿಚ್ಚಿದ ಮೇಲೆ ಏಳದಿದ್ರೆ? ಇನ್ಮೇಲೆ ಆರಿಸ್ಲೇಬೇಡ. ಹಾಗೇ ಉರೀತಾ ಇರಲಿ. ಎಷ್ಟು ದಿನ ಓಡುತ್ತೋ ಓಡಲಿ."

ಚಿಕ್ಕಮಾವ ಪಕ್ಕದಲ್ಲೇ ಇದ್ದರು. ಒಳ್ಳೆಯವರು. ಆದರೆ ಅಣ್ಣನ ಎದುರಿಗೆ ಅವರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. "ಅಣ್ಣ ಹೇಳಿದ ಹಾಗೆ ಮಾಡು" ಅಂತ ಹೆಂಡತಿಗೆ ಹೇಳಿ, ಡೆಲಿವರಿ ಗಂಟು ಹೊತ್ತು ಹೊರಟರು.

ಅದೇ ವಾರ ಚಿಕ್ಕತ್ತೆ ನನ್ನನ್ನು ಕೇಳಿದರು: "ನಿನಗೆ ಸ್ಕೂಟರ್ ಬರುತ್ತಲ್ಲ?" ದಾರ ತರುವ ನೆಪ ಹೇಳಿ, ಬಟ್ಟೆಚೀಲದಲ್ಲಿ ಟವಲು ಸುತ್ತಿದ ಅಜ್ಜಿಯನ್ನು ಹಾಕಿಕೊಂಡು ಇಬ್ಬರೂ ಹೊರಟೆವು. ಹಿಂದೆ ಕೂತ ಅವರು ಚೀಲವನ್ನು ಕೂಸಿನ ಹಾಗೆ ಅವುಚಿಕೊಂಡಿದ್ದರು. ಒಂದೊಂದು ಗುಂಡಿಗೂ ನನ್ನ ಭುಜ ಚಿವುಟುತ್ತಿದ್ದರು.

ರಿಪೇರಿ ಅಂಗಡಿ ಒಂದು ಹಳೇ ಕಟ್ಟಡದ ನೆಲಮಾಳಿಗೆಯಲ್ಲಿ, ಬೀಗ ಮಾಡುವವನಿಗೂ ಫೋಟೋ ಕಟ್ಟು ಹಾಕುವವನಿಗೂ ನಡುವೆ ಇತ್ತು. ಅಂಗಡಿಯವಳು ನಲವತ್ತೈದರ ಹೆಂಗಸು. ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡಿದ್ದಳು. ಮೊದಲು ಕಿವಿಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದಳಂತೆ. ಅದಕ್ಕೋ ಏನೋ, ಲ್ಯಾಪ್‌ಟಾಪನ್ನು ಹೊತ್ತಿಸಿ ಮೊದಲು ಮಾಡಿದ ಕೆಲಸ ಅದರ ಮೇಲೆ ಕಿವಿ ಇಟ್ಟು ಕೇಳಿದ್ದು.

"ಡಿಸ್ಕ್ ಹೋಗ್ತಾ ಇದೆ" ಅಂದಳು. ಆಮೇಲೆ ಏನೋ ಪರೀಕ್ಷೆ ಓಡಿಸಿ, ಹಿಂಬದಿಯ ತಿರುಪು ಬಿಚ್ಚಿ, ಕನ್ನಡಿ ಇಳಿಸಿಕೊಂಡು ನೋಡಿದಳು. "ನೀವು ಕಸೂತಿಯವರಲ್ವಾ, ಹೀಗೆ ಹೇಳ್ತೀನಿ. ಇದರ ಮೆಮೊರಿ ಅಂದ್ರೆ ನಿಮ್ಮ ಮಡಿಲು. ಇದಕ್ಕಿರೋದು ನಾಲ್ಕು ಜಿಬಿ, ಚಿಕ್ಕ ಮಡಿಲು. ಎಲ್ಲ ಬಣ್ಣದ ದಾರ ಹಿಡಿಸಲ್ಲ. ಒಂದೊಂದು ಉಂಡೆಗೂ ಎದ್ದು ಒಳಗಿನ ಟ್ರಂಕಿಗೆ ಹೋಗ್ಬೇಕು. ಆ ಟ್ರಂಕೇ ಡಿಸ್ಕ್. ಅದರ ಮುಚ್ಚಳ ತುಕ್ಕು ಹಿಡಿದಿದೆ. ತೆಗೀಬೇಕಾದ್ರೆ ಕಿರ್ ಅನ್ನುತ್ತೆ. ತಳದಲ್ಲಿ ಅಲ್ಲಲ್ಲಿ ತೂತೂ ಬಿದ್ದಿದೆ."

"ಮಡಿಲು ದೊಡ್ಡದು ಮಾಡಬಹುದಾ?"

"ಮಾಡಬಹುದು. ಇದರಲ್ಲಿ ನಾಲ್ಕು ಜಿಬಿ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ಅದನ್ನ ಕೀಳೋಕಾಗಲ್ಲ. ಆದ್ರೆ ಪಕ್ಕದಲ್ಲಿ ಒಂದು ಖಾಲಿ ಗೂಡಿದೆ, ಇಲ್ನೋಡಿ. ಅಲ್ಲಿಗೆ ಎಂಟರದ್ದು ಒಂದು ಹಾಕಿದ್ರೆ ಹನ್ನೆರಡು. ಅದಕ್ಕಿಂತ ಹೆಚ್ಚು ಇದು ತಗೊಳ್ಳಲ್ಲ. ಆದ್ರೆ ಬರೀ ಮಡಿಲು ಹಿಗ್ಗಿಸಿ ಪ್ರಯೋಜನ ಇಲ್ಲ ಅಕ್ಕ. ಏಳೋವಾಗಲೂ ಉಳಿಸೋವಾಗಲೂ ಟ್ರಂಕಿಗೆ ಹೋಗ್ಲೇಬೇಕಲ್ಲ. ಮೊದಲು ಡಿಸ್ಕ್ ಬದಲಾಯಿಸಿ. ಈಗಿನದರಲ್ಲಿ ತಿರುಗೋ ತಟ್ಟೆ ಇಲ್ಲ, ಚಿಪ್ ಅಷ್ಟೇ. ಸದ್ದೂ ಇಲ್ಲ."

ಪರವಾನಗಿಯ ಕಥೆಯನ್ನು ಚಿಕ್ಕತ್ತೆ ಹೇಳಿದರು. ಅಂಗಡಿಯವಳು ಕನ್ನಡಿಯನ್ನು ಮತ್ತೆ ಹಣೆಗೇರಿಸಿದಳು.

"ಹಾಗಾದ್ರೆ ಎಲ್ಲ ಹೊಸದಾಗಿ ತುಂಬಿಸೋ ದಾರಿ ಇಲ್ಲ. ಇರೋದನ್ನ ಇದ್ದ ಹಾಗೇ, ಒಂದು ಚುಕ್ಕೆನೂ ಬಿಡದೆ ಹೊಸ ಡಿಸ್ಕಿಗೆ ನಕಲು ಮಾಡ್ಬೇಕು. ಮಾಡ್ತೀನಿ. ಆದ್ರೆ ಎರಡು ಮಾತು ಮೊದಲೇ ಹೇಳ್ಬಿಡ್ತೀನಿ. ಇಡೀ ಡಿಸ್ಕ್ ಒಂದೇ ಸಮ ಓದಿಸಬೇಕು, ಆ ಶ್ರಮಕ್ಕೆ ಹಳೇದು ಮಧ್ಯದಲ್ಲೇ ಸಾಯಬಹುದು. ಇನ್ನೊಂದು, ನಕಲು ಸರಿಯಾದ್ರೂ, ಇದು ನಮ್ಮ ಯಂತ್ರ ಅಲ್ಲ ಅಂತ ನಿಮ್ಮ ತಂತ್ರಾಂಶ ಬಾಗಿಲು ಹಾಕ್ಬಹುದು."

"ಏನೂ ಮಾಡದಿದ್ರೆ?"

"ಇವತ್ತೋ ನಾಳೆಯೋ, ಹೆಚ್ಚಂದ್ರೆ ಆರು ತಿಂಗಳು. ಸಾಯೋದಂತೂ ಖಂಡಿತ."

ಚಿಕ್ಕತ್ತೆ ಹೂಂಗುಟ್ಟಿದರು. ಏಳುವಾಗ, ಏನೋ ಮರೆತವರ ಹಾಗೆ ಕೇಳಿದರು: "ಎಲ್ಲ ಸರಿಯಾದ್ರೆ, ಒಂದು ದೊಡ್ಡ ನಕ್ಷೆ ಉಳಿಸೋಕೆ ಎಷ್ಟು ಹೊತ್ತು ಆಗುತ್ತೆ?"

"ಹತ್ತು ಸೆಕೆಂಡು."

ವಾಪಸ್ ಬರುವಾಗ ಗುಂಡಿ ಬಂದರೂ ಅವರು ನನ್ನ ಭುಜ ಚಿವುಟಲು ಮರೆತಿದ್ದರು.

ಆಮೇಲೆ ಮೂರು ವಾರ ಅವರು ಯಾವ ತೀರ್ಮಾನಕ್ಕೂ ಬರಲಿಲ್ಲ. ನಾನು ಹೊಸಬಳು, ನನಗೆ ಅವಸರ. ಒಂದು ಮಧ್ಯಾಹ್ನ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಾ ಕೇಳಿಯೇಬಿಟ್ಟೆ: "ಮಾವನಿಗೆ ಹೆದರ್ತಾ ಇದ್ದೀರಾ?"

"ಅದೊಂದೇ ಆಗಿದ್ರೆ ಯಾವತ್ತೋ ಮಾಡಿಸ್ತಿದ್ದೆ" ಅಂದರು. ಒದ್ದೆ ಬೆಡ್‌ಶೀಟಿನ ಆ ಬದಿಯಲ್ಲಿ ಅವರ ಮುಖ ಕಾಣುತ್ತಿರಲಿಲ್ಲ. "ನಿನ್ನ ಹತ್ರ ಸುಳ್ಳು ಯಾಕೆ. ಬೆಳಿಗ್ಗೆ ಅದರ ಮುಂದೆ ಕೂರೋವಾಗ, ಇವತ್ತು ನಿಂತೇ ಹೋಗಲಿ ಅಂತ ಅನ್ನಿಸುತ್ತೆ. ಸತ್ತರೆ ಸಾಯಲಿ. ನಾನು ಕೆಡಿಸಿದ್ದಲ್ಲ, ಯಾರೂ ನನ್ನ ಬೈಯೋ ಹಾಗಿಲ್ಲ. ಮಾರನೇ ದಿನ ರೈಲು ಹತ್ತಿ ತಂಗಿ ಮನೆಗೆ ಹೋಗ್ತೀನಿ. ಹೀಗೆ ಅಂದ್ಕೊಂಡು ಕೂತಿರ್ತೀನಿ. ಅಷ್ಟರಲ್ಲಿ ಕೆಳಗಡೆ ಆ ಕತ್ತರಿಯಮ್ಮ ಕೆಮ್ಮಿದ್ದು ಕೇಳುತ್ತೆ."

ಕತ್ತರಿಯಮ್ಮ ಅಂದರೆ ದಾರದ ತುದಿ ಕತ್ತರಿಸುವ ಆ ಮುದುಕಿ. ಮಂಡಿ ಎರಡೂ ಹೋಗಿತ್ತು. ಕೂತು ಮಾಡುವ ಬೇರೆ ಕೆಲಸ ಎಲ್ಲೂ ಸಿಕ್ಕದೆ ನಮ್ಮಲ್ಲಿಗೆ ಬಂದವಳು. ಮಗ ಇಲ್ಲ, ಮಗಳು ಮಾತಾಡಿಸುವುದಿಲ್ಲ.

"ಇದು ಸತ್ತರೆ ಕೆಳಗಿನ ಹದಿಮೂರು ಜನ ಬೀದಿಗೆ ಬರ್ತಾರೆ. ಬದುಕಿಸಿದ್ರೆ ನಾನು ಅಲ್ಲೇ ಕೂರ್ತೀನಿ, ನನ್ನ ಹನ್ನೆರಡು ನಿಮಿಷವೂ ಹೋಗುತ್ತೆ." ಬೆಡ್‌ಶೀಟನ್ನು ಕೊಡವಿ ಹಗ್ಗಕ್ಕೆ ಎಳೆದರು. "ಆದ್ರೆ ಒಂದು ಯೋಚನೆ ಇದೆ. ಅದು ಬೇಗ ಕೆಲಸ ಮಾಡಿದ್ರೆ ಬೇರೆ ಯಾರಾದ್ರೂ ಕಲೀಬಹುದು. ಕಲಿಯೋರು ಓಡಿಹೋಗಿದ್ದು ಕೆಲಸಕ್ಕಲ್ಲ, ಕಾಯೋದಕ್ಕೆ."

ಆ 'ಬೇರೆ ಯಾರಾದರೂ' ಯಾರು ಅಂತ ನನಗೆ ಆಗ ಹೊಳೆಯಲಿಲ್ಲ.

ಮರುದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವರೇ ಮಾತೆತ್ತಿದರು. "ನಾಳಿದ್ದು ಅಜ್ಜಿನ ರಿಪೇರಿಗೆ ಕೊಡ್ತಾ ಇದ್ದೀನಿ. ಮೂರು ದಿನಕ್ಕಾಗುವಷ್ಟು ನಕ್ಷೆ ಮಾಡಿ ಕೆಳಗೆ ಕೊಟ್ಟಿದ್ದೀನಿ."

ಮಾವನ ಕೈ ತಟ್ಟೆಯಲ್ಲೇ ನಿಂತಿತು. "ಬೇಡ ಅಂದಿದ್ದೆ."

"ಹೌದು, ಅಂದಿದ್ರಿ."

"ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

"ನಾನು."

ಅತ್ತೆ ನನ್ನ ಮುಖ ನೋಡಿದರು, ನಾನು ನೀರಿನ ಲೋಟ ನೋಡಿದೆ. ಆಗ ಚಿಕ್ಕಮಾವ, ಯಾರೂ ನಿರೀಕ್ಷಿಸದ ಚಿಕ್ಕಮಾವ, ತಲೆ ಎತ್ತದೆ ಅಂದರು: "ಅವಳು ಅದರ ಜೊತೆ ಹನ್ನೊಂದು ವರ್ಷದಿಂದ ಇದ್ದಾಳೆ, ಅಣ್ಣ. ನಮಗಿಂತ ಅವಳಿಗೆ ಗೊತ್ತು." ಅಷ್ಟು ಹೇಳಿ, ತಪ್ಪು ಮಾಡಿದವರ ಹಾಗೆ ಬೇಗ ಬೇಗ ಊಟ ಮುಗಿಸಿ ಎದ್ದರು. ಮಾವ ಮತ್ತೆ ಅನ್ನ ಕಲಸತೊಡಗಿದರು. ಒಪ್ಪಿದ್ದೇನೆ ಅಂತ ಮಾತ್ರ ಹೇಳಲಿಲ್ಲ.

ಅಂಗಡಿಯವಳು ಹಳೇ ಡಿಸ್ಕನ್ನು ಹೊರತೆಗೆದು, ಹೊಸದರ ಪಕ್ಕ ತಂತಿಯಿಂದ ಜೋಡಿಸಿ, ನಕಲು ಶುರುಮಾಡಿದಳು. ಚಿಕ್ಕತ್ತೆ ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತರು. ಮನೆಗೆ ಹೋಗಿ ಬನ್ನಿ ಅಂದರೂ ಕೇಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಮಧ್ಯಾಹ್ನ ಮೂವತ್ತನಾಲ್ಕಕ್ಕೆ ಬಂದು ನಿಂತಿತು. ನೂರಕ್ಕೆ ಮೂವತ್ತನಾಲ್ಕು. ಡಿಸ್ಕು ಕಟ್, ಕಟ್ ಅಂತ ಹಲ್ಲು ಕಡಿಯಿತು. ಅಂಗಡಿಯವಳು ಒಂದು ಸಣ್ಣ ಫ್ಯಾನನ್ನು ಅದರ ಕಡೆಗೆ ತಿರುಗಿಸಿ, "ಕೆಟ್ಟ ಜಾಗಕ್ಕೆ ಬಂದಿದೆ. ಬಿಸಿಯಾದ್ರೆ ಕೈಬಿಡುತ್ತೆ, ಗಾಳಿ ಹಾಕೋಣ" ಅಂದಳು. ಚಿಕ್ಕತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಸಾಯಲಿ ಅಂದವರು ಅವರೇ. ಆ ದಿನ ಅವರ ಮುಖ ನೋಡಿದ್ದರೆ ಒಳಗೆ ಸ್ವಂತ ತಾಯಿಗೆ ಆಪರೇಷನ್ ನಡೆಯುತ್ತಿದೆ ಅನ್ನಬೇಕು. ಐದು ಗಂಟೆಯ ಸುಮಾರಿಗೆ ಮೂವತ್ತೈದು ಆಯಿತು. ಅಲ್ಲಿಂದ ಮುಂದೆ ಕುಂಟುತ್ತಾ ಸಾಗಿತು. ರಾತ್ರಿ ಮನೆಗೆ ಬಂದು ಬೆಳಿಗ್ಗೆ ಮತ್ತೆ ಹೋದೆವು; ನಕಲು ಮುಗಿದದ್ದು ಮರುದಿನ ಹನ್ನೊಂದಕ್ಕೆ.

ಹೊಸ ಡಿಸ್ಕನ್ನು ಒಳಗೆ ಕೂರಿಸಿ, ಖಾಲಿ ಗೂಡಿಗೆ ಎಂಟರ ಮೆಮೊರಿ ಸಿಕ್ಕಿಸಿ ಹೊತ್ತಿಸಿದಳು. ನಾವು ಕೈಕಟ್ಟಿ ಕಾಯಲು ಅಣಿಯಾಗುವಷ್ಟರಲ್ಲಿ ಅಜ್ಜಿ ಎದ್ದಾಗಿತ್ತು. ಚಿಕ್ಕತ್ತೆ ನಕ್ಷೆಯ ತಂತ್ರಾಂಶ ಒತ್ತಿದರು. ಒಂದು ಬೂದು ಪೆಟ್ಟಿಗೆ ತೆರೆಯಿತು: ಪರವಾನಗಿ ಈ ಯಂತ್ರಕ್ಕೆ ಸೇರಿದ್ದಲ್ಲ.

ಚಿಕ್ಕತ್ತೆ ನೆಲ ನೋಡುತ್ತಾ ಕೂತರು. ಅಂಗಡಿಯವಳು ಎರಡು ಸಲ ಆರಿಸಿ ಹೊತ್ತಿಸಿದಳು, ಅದೇ ಪೆಟ್ಟಿಗೆ. ಹಣೆಯ ಕನ್ನಡಿ ಬಿಚ್ಚಿ ಮೇಜಿನ ಮೇಲಿಟ್ಟು ಯೋಚಿಸಿದಳು.

"ಅವಸರ ಮಾಡಿದೆ ಅನ್ಸುತ್ತೆ" ಅಂದಳು ಕೊನೆಗೆ. "ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದಕ್ಕೆ ಗುರುತು ಸಿಕ್ತಾ ಇಲ್ಲವೇನೋ. ಒಂದೊಂದಾಗಿ ಮಾಡಿ ನೋಡೋಣ."

ಮೆಮೊರಿಯನ್ನು ಕಿತ್ತಳು. ಹೊಸ ಡಿಸ್ಕು, ಹಳೇ ನಾಲ್ಕರ ಮೆಮೊರಿ. ಹೊತ್ತಿಸಿ ಒತ್ತಿದರೆ, ಪೆಟ್ಟಿಗೆ ಬರಲಿಲ್ಲ. ನಕ್ಷೆಯ ಹಾಳೆ ತೆರೆಯಿತು, ಮೂಲೆಯಲ್ಲಿ ಆಸ್ಪತ್ರೆ ಕೋಟಿನ ಅರ್ಧ ಮುಗಿದ ಹೆಸರಿನ ಜೊತೆಗೆ. ಅದನ್ನು ಮುಚ್ಚಿ, ಆರಿಸಿ, ಈಗ ಮೆಮೊರಿ ಹಾಕಿ ಮತ್ತೆ ಒತ್ತಿದಳು. ಆಗಲೂ ತೆರೆಯಿತು. ಅಂಗಡಿಯವಳು ಕುರ್ಚಿಗೆ ಒರಗಿ ಉಸಿರುಬಿಟ್ಟಳು. ಚಿಕ್ಕತ್ತೆಯ ಕಣ್ಣಲ್ಲಿ ನೀರು ಬಂತು. ಅದು ಯಾವ ತರಹದ ನೀರು ಅಂತ ನಾನು ಕೇಳಲಿಲ್ಲ.

ಮೊದಲ ವಾರ ಅವರ ಪಾಡು, ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವರ ಹಾಗಿತ್ತು. ಉಳಿಸು ಅಂತ ಒತ್ತಿ, ಅಭ್ಯಾಸಬಲದಿಂದ ಪೆನ್ಸಿಲ್ ತೆಗೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಕೆಳಗೆ ಮಾವನ ಮುಖ ಅರಳಿತ್ತು. "ಅಜ್ಜಿ ಈಗ ಹದಿನೆಂಟರ ಹುಡುಗಿ" ಅಂತ ಗಿರಾಕಿಗಳಿಗೆ ಹೇಳಿಕೊಳ್ಳುತ್ತಿದ್ದರು. ರಿಪೇರಿಗೆ ಬೇಡ ಅಂದವರು ತಾವೇ ಅನ್ನುವುದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ದಿನಕ್ಕೆ ಎರಡು ನಕ್ಷೆ ಇದ್ದದ್ದು ಮೂರಾಯಿತು, ತಿಂಗಳು ಮುಗಿಯುವಷ್ಟರಲ್ಲಿ ಐದು. ಕೆಳಗೆ ಆರನೇ ಯಂತ್ರಕ್ಕೆ ಜಾಗ ಅಳೆದರು. ಚಿಕ್ಕತ್ತೆ ಬೆಳಿಗ್ಗೆ ಕೂತರೆ ಊಟಕ್ಕೆ ಏಳುವುದು, ಊಟ ಮಾಡಿ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುವುದು. ಖಾನೆಯಲ್ಲಿ ಹೊಸ ಚೂರು ಒಂದೂ ಸೇರಲಿಲ್ಲ.

"ಒಬ್ಬಳ ಕೈಲಿ ಆಗಲ್ಲ, ಇನ್ನೊಬ್ಬರು ಬೇಕು" ಅಂತ ಅವರು ಕೇಳಿದಾಗ, ಮಾವ ಒಂದು ಕ್ಷಣವೂ ಯೋಚಿಸದೆ ನನ್ನ ಕಡೆ ನೋಡಿದರು. "ಮನೆಯಲ್ಲೇ ಇದ್ದಾಳಲ್ಲ. ಕಂಪ್ಯೂಟರ್ ಬಲ್ಲವಳು. ಒಂದು ತಿಂಗಳು ಕಲೀಲಿ."

ನಾನು ಔಷಧಶಾಸ್ತ್ರ ಓದಿದವಳು. ಮದುವೆಗೆ ಮುಂಚೆ ಔಷಧಿ ಅಂಗಡಿಯಲ್ಲಿ ಒಂದು ವರ್ಷ ಕೆಲಸ ಮಾಡಿದ್ದೆ. ಮನೆಯೆಲ್ಲ ಒಂದು ಹದಕ್ಕೆ ಬಂದ ಮೇಲೆ ಮತ್ತೆ ಹೋಗಬಹುದು ಅಂತ ಮಾತಾಗಿತ್ತು. ಆದರೂ ಬಾಯಿಗೆ ಬಂದದ್ದು "ಆಗಲಿ ಮಾವ" ಅನ್ನುವುದು.

ಚಿಕ್ಕತ್ತೆ ಒಳ್ಳೇ ಗುರು. ತಾವು ಎದ್ದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು ಹೇಳಿಕೊಡುತ್ತಿದ್ದರು. "ಇದು ಚಿತ್ರ ಬಿಡಿಸೋದಲ್ಲ, ಸೂಜಿಗೆ ದಾರಿ ತೋರಿಸೋದು. ನೀನೇ ಸೂಜಿ ಅಂದ್ಕೋ. ಇಲ್ಲಿ ಇಳಿದೆ, ಇನ್ನು ಎಲ್ಲಿ ಏಳ್ತೀಯ?" ನನಗೆ ಬೇಗ ಬಂತು. ಎರಡೇ ವಾರಕ್ಕೆ ಅಕ್ಷರಗಳನ್ನೆಲ್ಲ ಮಾಡುತ್ತಿದ್ದೆ, ಮೂರನೇ ವಾರ ಒಂದು ಶಾಲೆಯ ಇಡೀ ಲಾಂಛನ ಮಾಡಿದೆ. ಅವರ ಮುಖ ತಿಳಿಯಾಗುತ್ತಾ ಬಂತು. ತಂಗಿಗೆ ಫೋನ್ ಮಾಡಿ ರೈಲಿನ ಸಮಯ ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ.

ಒಂದು ದಿನ ಅವರು ಕೆಳಗೆ ಹೋಗಿದ್ದರು, ನಾನೊಬ್ಬಳೇ ಕೂತಿದ್ದೆ. ಯಾಕೋ ಕತ್ತು ನೋವಾಗಿ ತಲೆ ಎತ್ತಿದೆ. ಎದುರಿಗೆ ಗೋಡೆ. ತೇವದ ಕಲೆ ಕೊಳವೆಯ ಎಡಕ್ಕೆ ಸ್ವಲ್ಪ ಹರಡಿತ್ತು. ಹೋದ ವಾರ ಇದು ಇಷ್ಟು ದೊಡ್ಡದಿರಲಿಲ್ಲ ಅಂದುಕೊಂಡೆ. ಗೋಡೆಯ ಕಲೆಯ ಅಳತೆ ನನಗೆ ಗೊತ್ತಾಗತೊಡಗಿತ್ತು.

ಆ ಸಂಜೆ ಒಂದು ಹೋಟೆಲಿನ ನಕ್ಷೆ ನನ್ನ ಪಾಲಿಗೆ ಬಂದಿತ್ತು. ನಾನು ಅದನ್ನು ಕೆಡಿಸಿದೆ. ಕೈತಪ್ಪಿ ಅಲ್ಲ, ಬೇಕೆಂದೇ. ಕೆಳಗೆ ಎಂಬತ್ತು ಟವಲು ಹಾಳಾದವು. ಮಾವ ಒಂದನ್ನು ಹಿಡಿದು ಮೇಲೆ ಬಂದರು. ಹಿಂದೆಯೇ ಅತ್ತೆ, ನನ್ನ ಗಂಡ, ಚಿಕ್ಕತ್ತೆ.

"ನನ್ನ ತಲೆಗೆ ಹತ್ತುತ್ತಾ ಇಲ್ಲ ಮಾವ" ಅಂದೆ. "ಎಷ್ಟು ಹೇಳಿಕೊಟ್ರೂ ತಪ್ಪಾಗುತ್ತೆ. ನನ್ನಿಂದ ಆಗಲ್ಲ."

ಮಾವ ಚಿಕ್ಕತ್ತೆಯ ಕಡೆ ತಿರುಗಿದರು. "ಚೆನ್ನಾಗಿ ಕಲಿತಾ ಇದ್ದಾಳೆ ಅಂದಿದ್ದೆಯಲ್ಲ?"

ಚಿಕ್ಕತ್ತೆ ಟವಲು ಇಸಿದುಕೊಂಡು ಬೆಳಕಿಗೆ ಹಿಡಿದರು. ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ನನ್ನ ಮುಖ ನೋಡಿದರು. ಬಹಳ ಹೊತ್ತೇನೂ ಅಲ್ಲ.

"ಇದು ಎಲ್ಲರಿಗೂ ಬರುವಂಥದ್ದಲ್ಲ" ಅಂದರು. "ಅವಳನ್ನ ಬಿಟ್ಬಿಡಿ. ನಾನೇ ಮಾಡ್ತೀನಿ."

ಮುಂದಿನ ತಿಂಗಳು ನಾನು ಬಸ್‌ನಿಲ್ದಾಣದ ಹತ್ತಿರದ ಒಂದು ಔಷಧಿ ಅಂಗಡಿಗೆ ಸೇರಿದೆ. ಹೊರಗಿನಿಂದ ಯಾರನ್ನಾದರೂ ಇಟ್ಟುಕೊಳ್ಳಿ ಅಂತ ಚಿಕ್ಕಮಾವ ಎರಡು ಸಲ ಹೇಳಿದರು. ಪರವಾನಗಿ ಇರುವ ಒಂದೇ ಯಂತ್ರವನ್ನು ಹೊರಗಿನವರ ಕೈಗೆ ಕೊಡುವುದು ಹೇಗೆ ಅಂದರು ಮಾವ. ಆರನೇ ಯಂತ್ರ ಬಂತು.

ಚಿಕ್ಕತ್ತೆ ತಂಗಿಯ ಮನೆಗೆ ಹೋದರು, ಹತ್ತು ದಿನಕ್ಕೆ. "ಹೋಗಿ ಬಾ, ಅಜ್ಜಿನೂ ಕರ್ಕೊಂಡು ಹೋಗು. ಈಗ ಬೇಗ ಆಗುತ್ತಲ್ಲ" ಅಂತ ಮಾವ ಉದಾರವಾಗಿ ಹೇಳಿದರು. ಬೆಳಿಗ್ಗೆ ಚಿತ್ರಗಳನ್ನು ಇಲ್ಲಿಂದ ಕಳಿಸುತ್ತಿದ್ದರು, ಮಧ್ಯಾಹ್ನದೊಳಗೆ ನಕ್ಷೆ ಬರುತ್ತಿತ್ತು. ತಿರುಗಿ ಬಂದ ಮೇಲೆ, ಹೇಗಿತ್ತು ಅಂತ ಕೇಳಿದೆ. "ತಂಗಿಯ ಮನೆ ಚೆನ್ನಾಗಿದೆ. ಬಾಗಿಲು ಫೋಟೋದಲ್ಲಿ ಹಸಿರು ಕಾಣ್ತಿತ್ತು, ನಿಜಕ್ಕೂ ನೀಲಿ" ಅಂದರು. "ಇಲ್ಲಿಂದ ಫೋನ್ ಬಂದಾಗೆಲ್ಲ ಎದ್ದು ನಿಲ್ತಿದ್ದೆ. ಕೂತೇ ಮಾತಾಡೇ ಅಂತ ಅವಳು ನಗ್ತಿದ್ಲು."

ಇದೆಲ್ಲ ಆಗಿ ಮೂರು ವರ್ಷವಾಯಿತು. ನಾನು ದಿನಾ ಒಂಬತ್ತಕ್ಕೆ ಆ ತಿರುವಿನ ಮುಂದೆಯೇ ಹಾದು ಕೆಲಸಕ್ಕೆ ಹೋಗುತ್ತೇನೆ. ಅವರು ಆಗಲೇ ಕೂತಿರುತ್ತಾರೆ. ಈಚೆಗೆ ಕನ್ನಡಕ ಬಂದಿದೆ. ನಮ್ಮಿಬ್ಬರ ನಡುವೆ ಒಂದು ಮಾತೂ ಕೆಟ್ಟಿಲ್ಲ. ನನಗೆ ಜ್ವರ ಬಂದರೆ ತಲೆ ಒತ್ತುವವರು ಈಗಲೂ ಅವರೇ. ಅದೇ ನನಗೆ ಕಷ್ಟ.

ಹೋದ ವಾರ ತಡೆಯಲಾರದೆ ಕೇಳಿದೆ. ಚಪ್ಪಲಿ ಕೈಯಲ್ಲಿ ಹಿಡಿದು, ಮೇಜಿನ ಪಕ್ಕ ನಿಂತು. "ಆ ಟವಲಿನ ದಿನ ನಿಮಗೆ ಗೊತ್ತಾಗಿತ್ತಲ್ವಾ?"

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನೀನು ಕೆಂಪನ್ನ ಬಿಳಿಯ ಕೆಳಗೆ ಹಾಕಿದ್ದೆ, ಎಲ್ಲ ಹೊಲಿದು ಹಿಂದಿನ ಕಾಗದ ಕೀಳೋವರೆಗೂ ಯಾರಿಗೂ ಕಾಣದ ಹಾಗೆ. ಕಲಿಯೋಳಿಗೆ ಅಂಥ ತಪ್ಪು ಮಾಡೋಕೆ ಬರಲ್ಲ. ಪೂರ್ತಿ ಕಲಿತೋಳಿಗೇ ಬರೋದು."

"ನನ್ನ ಮೇಲೆ ಸಿಟ್ಟಿಲ್ವಾ?"

"ಇತ್ತು" ಅಂದರು. ಉಳಿಸು ಅಂತ ಒತ್ತಿದರು. "ಒಂದು ವರ್ಷ ಇತ್ತು. ಆಮೇಲೆ, ನಾನೂ ನನ್ನ ಮೊದಲನೇ ತಿಂಗಳೇ ಎಂಬತ್ತು ಟವಲು ಹಾಳು ಮಾಡಬೇಕಿತ್ತು ಅನ್ನಿಸ್ತು."

ಪೆನ್‌ಡ್ರೈವ್ ಕಿತ್ತು ನನ್ನ ಕೈಗಿಟ್ಟರು. "ಹೇಗೂ ಇಳಿದು ಹೋಗ್ತಾ ಇದ್ದೀಯಲ್ಲ, ಕೆಳಗೆ ಕೊಟ್ಟು ಹೋಗು. ನಿನಗೆ ಬಸ್ಸಿಗೆ ಹೊತ್ತಾಯ್ತು."